ಅವ್ವ ಅಲುಗಿಸಿ ನೋಡಿದ ಮಂಗಳ

ನಮ್ಮ ಕಡೆ ಕೊಬ್ಬರಿ ಮಾಡುವುದಕ್ಕೆ ಯಂತ್ರ ಬೇಕಿಲ್ಲ, ತಾಳ್ಮೆ ಬೇಕು. ಬಲಿತ ಕಾಯಿಯನ್ನು ಮೇಲಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡಬೇಕು. ಬಿಸಿಲು ತಾಗಬಾರದು, ಮಳೆ ಸೋರಬಾರದು. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಕರಟವನ್ನು ಬಿಟ್ಟು ಉಂಡೆಯಾಗಿ ನಿಲ್ಲುತ್ತದೆ. ಆಗ ಅದು ಕೊಬ್ಬರಿ. ತೊಡಕು ಒಂದೇ. ಒಳಗೆ ಏನಾಗಿದೆ ಎಂದು ಒಡೆಯದೆ ಕಾಣುವುದಿಲ್ಲ, ಒಡೆದು ಕಂಡು ಪ್ರಯೋಜನವಿಲ್ಲ. ಹಸಿ ಇರುವಾಗಲೇ ಒಡೆದ ಕಾಯಿಯನ್ನು ಮತ್ತೆ ಅಟ್ಟಕ್ಕೆ ಹಾಕಲು ಬರುವುದಿಲ್ಲ.

ಅದಕ್ಕೇ ನಮ್ಮಲ್ಲಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡುತ್ತಾರೆ. ನೋಡುವವರು ಊರ ತುಂಬ ಇದ್ದಾರೆ, ಆದರೆ ನಮ್ಮವ್ವನ ಕಿವಿಯೇ ಬೇರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ಹೆಗ್ಗಣಕ್ಕೂ ಹೆತ್ತವರು ಮುದ್ದು ಎಂದು ನೀವು ನಗಬಹುದು. ನಗಿ. ಹಂದನಕೆರೆ ಸುತ್ತಿನ ಎಷ್ಟೋ ಮನೆಗಳಲ್ಲಿ ಸುಲಿಯುವವರಿಗೆ ಹೇಳಿಕಳಿಸುವ ಮೊದಲು ನಮ್ಮವ್ವನಿಗೆ ಹೇಳಿಕಳಿಸುತ್ತಿದ್ದರು. ಅವ್ವ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತುವಳು, ಅಟ್ಟದ ನಾಲ್ಕು ಮೂಲೆಯಿಂದ ನಾಲ್ಕು, ನಡುವಿನಿಂದ ಎರಡು ಕಾಯಿ ಎತ್ತಿ ಅಲುಗಿಸುವಳು. ಮೊದಮೊದಲು ಕಾಯಿಯೊಳಗೆ ನೀರು ಗಳಕ್ ಎನ್ನುತ್ತದೆ. ಆಮೇಲೆ ಆ ಸದ್ದು ಸಣ್ಣದಾಗುತ್ತಾ ಹೋಗಿ ಕಾಯಿ ಮೂಕಾಗುತ್ತದೆ. ಕೊನೆಗೊಂದು ದಿನ ಬಿಡಿಯಾದ ಉಂಡೆ ಕರಟಕ್ಕೆ ಲೊಟ್ಟ ಎಂದು ಬಡಿಯುತ್ತದೆ. ನಮಗೆ ಕೇಳುವುದು ಈ ಮೂರೇ. ಅವ್ವನಿಗೆ ಇವುಗಳ ನಡುವೆ ಇನ್ನೂ ಏಳೆಂಟು ಸದ್ದು ಕೇಳುತ್ತಿತ್ತು. "ಈ ಮೂಲೇವು ಇನ್ನೊಂದು ಹದಿನೈದು ದಿನ ಮಲಗ್ಲಿ ಬುಡ್ರವ್ವ, ನಿದ್ದೆ ಮುಗುದಿಲ್ಲ" ಎಂದು ಇಳಿದುಬಿಡುವಳು. ಅವಳ ಮಾತು ಮೀರಿ ಸುಲಿಸಿದವರು ಆಮೇಲೆ ಕೈ ಕೈ ಹಿಸುಕಿಕೊಳ್ಳುತ್ತಿದ್ದರು.

ನನ್ನ ಕಸುಬಿಗೂ ತೆಂಗಿಗೂ ಅರ್ಧ ಸಂಬಂಧ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ನನ್ನದೊಂದು ಚಿಕ್ಕ ಅಂಗಡಿ. ತೋಟಗಳಿಗೆ ಸೋಲಾರ್ ಪಂಪು ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು. ಹತ್ತರಲ್ಲಿ ಆರು ಸಲ ಕೆಟ್ಟಿರುವುದೇ ಇಲ್ಲ. "ಪಂಪು ಸತ್ತೋಗೈತೆ ಕಣ್ರೀ, ಓಡಿ ಬನ್ರೀ" ಎಂದು ಫೋನು ಬರುತ್ತದೆ. ಹೋಗಿ ನೋಡಿದರೆ ಪ್ಯಾನೆಲ್ ಮೇಲೆ ಬೆರಳು ಗಾತ್ರ ಧೂಳು. ಬಟ್ಟೆ ಒದ್ದೆ ಮಾಡಿ ಒರೆಸಿದರೆ ನೀರು ಧುಮುಕುತ್ತದೆ, ಮನೆಯವರು ನನ್ನನ್ನು ಮಾಂತ್ರಿಕನನ್ನು ನೋಡುವಂತೆ ನೋಡುತ್ತಾರೆ. ನಾನೂ ಸುಮ್ಮನೆ ಗಂಭೀರವಾಗಿ ನಿಂತಿರುತ್ತೇನೆ.

ನಮ್ಮ ಧೂಳು ಕೆಂಪು. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ಗಣಿ ಲಾರಿಗಳು ಓಡುತ್ತಿದ್ದ ವರ್ಷಗಳಲ್ಲಿ ರಸ್ತೆ ಪಕ್ಕದ ತೋಟಗಳ ಗರಿಗಳೆಲ್ಲ ಕೆಂಪಾಗಿದ್ದವು, ದನಗಳ ಮೂತಿ ಕೆಂಪಾಗಿತ್ತು, ಒಣಹಾಕಿದ ಬಿಳಿ ಪಂಚೆ ಮಡಿಸುವಷ್ಟರಲ್ಲಿ ಕಾವಿಯಾಗುತ್ತಿತ್ತು. ಲಾರಿ ನಿಂತು ಎಷ್ಟೋ ವರ್ಷವಾಯಿತು. ಗಾಳಿ ಎದ್ದರೆ ಆ ಬಣ್ಣ ಇನ್ನೂ ಅಷ್ಟಿಷ್ಟು ಏಳುತ್ತದೆ. ಮಂಗಳ ಗ್ರಹ ಕೆಂಪಗಿರುವುದೂ ಮಣ್ಣಿನಲ್ಲಿರುವ ಕಬ್ಬಿಣ ತುಕ್ಕು ಹಿಡಿದದ್ದಕ್ಕೇ ಎಂದು ಮೊದಲ ಸಲ ಓದಿದಾಗ ನಾನು ಅಂಗಡಿಯ ಮುಂದಿನ ರಸ್ತೆಯನ್ನೊಮ್ಮೆ ನೋಡಿದೆ. ಆಕಾಶದಲ್ಲಿ ಕೆಂಡದ ಚುಕ್ಕಿಯಂತೆ ಕಾಣುವ ಅದರ ಮೇಲೆ ನಮ್ಮ ಊರಿನ ಧೂಳೇ ಕೂತಿದೆ ಎನ್ನಿಸಿ ಮೈ ಜುಮ್ಮೆಂದಿತು.

ಅದನ್ನು ಓದಿದ್ದು ಅಲ್ಲಿನ ದೊಡ್ಡ ಧೂಳಿನ ಬಿರುಗಾಳಿ ಸುದ್ದಿಯಾದ ವರ್ಷ. ಮಂಗಳನ ಮೇಲೆ ಆಗ ಆರು ಚಕ್ರದ ಒಂದು ಬಂಡಿ ಓಡಾಡುತ್ತಿತ್ತು. ಯಾರೂ ಕೂತಿಲ್ಲ, ಯಾರೂ ಹೊಡೆಯುವುದಿಲ್ಲ. ಭೂಮಿಯಿಂದ ಹೇಳಿಕಳಿಸಿದ್ದನ್ನು ಕೇಳಿಕೊಂಡು ಮೆಲ್ಲಗೆ ಹೋಗುತ್ತದೆ, ಕಲ್ಲು ನೋಡುತ್ತದೆ, ಚಿತ್ರ ತೆಗೆದು ಕಳಿಸುತ್ತದೆ. ಅದರ ಬೆನ್ನ ಮೇಲೆ ಸೋಲಾರ್ ಪ್ಯಾನೆಲ್. ನನ್ನ ಕಸುಬಿನದೇ ಸಾಮಾನು! ಮೂರು ತಿಂಗಳು ಬಾಳಿದರೆ ಸಾಕು ಎಂದು ಕಳಿಸಿದ್ದಂತೆ, ಹದಿನಾಲ್ಕು ವರ್ಷ ದಾಟಿಸಿತ್ತು. ನಾನು ಕೂರಿಸಿದ ಪಂಪಿಗೆ ಐದು ವರ್ಷ ಗ್ಯಾರಂಟಿ ಬರೆದುಕೊಡಲು ನಾನು ಹತ್ತು ಸಲ ಯೋಚಿಸುತ್ತೇನೆ.

ಹೀಗಿರುವಾಗ ಅಲ್ಲೊಂದು ಬಿರುಗಾಳಿ ಎದ್ದಿತು. ಒಂದು ಹೋಬಳಿ, ಒಂದು ಜಿಲ್ಲೆಯಲ್ಲ, ಇಡೀ ಗ್ರಹವನ್ನೇ ಧೂಳು ಸುತ್ತಿಕೊಂಡಿತು. ಹಗಲು ಕತ್ತಲಾಯಿತು. ಬಿಸಿಲಿಲ್ಲದೆ ಬಂಡಿ ಮಲಗಿತು. ಧೂಳು ಇಳಿದ ಮೇಲೂ ಏಳಲಿಲ್ಲ. ಅದನ್ನು ಕಳಿಸಿದ ವಿಜ್ಞಾನಿಗಳು ತಿಂಗಳುಗಟ್ಟಲೆ ರೇಡಿಯೋದಲ್ಲಿ ಕರೆಯುತ್ತಲೇ ಇದ್ದರು.

ನನಗೆ ಮೊದಲು ಬಂದದ್ದು ಸಿಟ್ಟು. ಅಷ್ಟೆಲ್ಲ ಓದಿದವರು, ಒಂದು ಪೊರಕೆ ಇಟ್ಟು ಕಳಿಸಬಾರದಿತ್ತೇ? ಒಂದು ವೈಪರ್? ಅಂಗಡಿಗೆ ಬಂದವರೆದುರಿಗೆಲ್ಲ ಬೈದೆ. ಆಮೇಲೆ ಇನ್ನಷ್ಟು ಓದಿದಾಗ ಬಾಯಿ ಮುಚ್ಚಿತು. ಒಂದು ಗ್ರಾಂ ತೂಕ ಹೆಚ್ಚಾದರೂ ಅವರಿಗೆ ಲೆಕ್ಕವಂತೆ, ಮೂರು ತಿಂಗಳ ಬಂಡಿಗೆ ಪೊರಕೆ ಯಾಕೆ ಎಂದು ಬಿಟ್ಟಿದ್ದರಂತೆ. ಆ ಹದಿನಾಲ್ಕು ವರ್ಷ ಅದರ ಪ್ಯಾನೆಲ್ ಗುಡಿಸಿಕೊಟ್ಟದ್ದು ಯಾರು ಅಂದರೆ ಅಲ್ಲಿನ ಗಾಳಿ. ಆಗಾಗ ಸುಂಟರಗಾಳಿ ಬಂದು ಬೆನ್ನ ಮೇಲಿನ ಧೂಳನ್ನು ಎತ್ತಿಕೊಂಡು ಹೋಗುತ್ತಿತ್ತಂತೆ. ಬೆಳಿಗ್ಗೆ ಇವರು ನೋಡಿದರೆ ಕರೆಂಟು ಇದ್ದಕ್ಕಿದ್ದಂತೆ ಜಾಸ್ತಿ. ಕೋಟ್ಯಂತರ ಮೈಲಿ ಆಚೆ, ಹುಟ್ಟಿದ ಮೇಲೆ ಮನುಷ್ಯನನ್ನು ಕಾಣದ ಗಾಳಿಯೊಂದು ಮನುಷ್ಯರ ಬಂಡಿಯನ್ನು ಒರೆಸಿಟ್ಟು ಹೋಗುತ್ತಿತ್ತು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಹಿಡಿಕಡ್ಡಿ ಪೊರಕೆಗೆಂದು ತೆಂಗಿನ ಗರಿ ಸೀಳುತ್ತಾ ಪಡಸಾಲೆಯಲ್ಲಿ ಕೂತಿದ್ದಳು.

"ಅದುಕ್ಕೆ ಹೊಟ್ಟೆಗೇನ್ಲಾ?" ಎಂದಳು.

"ಬಿಸಿಲು ಕಣವ್ವ. ಬಿಸಿಲೇ ಊಟ."

"ಸುಂಟರಗಾಳಿ ಬಂದು ಮೈ ಒರುಸ್ತಿತ್ತಾ?"

"ಹೂಂ."

ಅವ್ವ ಗರಿ ಕೆಳಗಿಟ್ಟು ಯೋಚಿಸಿದಳು. ನಮ್ಮ ಹೊಲದಲ್ಲಿ ಬೇಸಿಗೆಯ ಮಧ್ಯಾಹ್ನ ಸುಂಟರಗಾಳಿ ಎದ್ದರೆ ಅದರೊಳಗೆ ದೆವ್ವ ಇರುತ್ತದೆಂದು ಮೂರು ಸಲ ಉಗಿಯುತ್ತೇವೆ. ನನಗೆ ಅದನ್ನು ಕಲಿಸಿದವಳೇ ಅವ್ವ.

"ಹಂಗಾರೆ ನಾನು ಇಷ್ಟು ವರ್ಸ ಸುಮ್ಸುಮ್ನೆ ಉಗುದೆ ಅನ್ನು" ಎಂದಳು.

ಅಲ್ಲಿಂದ ಮುಂದೆ ದಿನಾ ಸಂಜೆ ನಾನು ಗಾಡಿ ನಿಲ್ಲಿಸುವ ಮೊದಲೇ ಅವಳ ಪ್ರಶ್ನೆ ಒಂದೇ. "ಎದ್ದೈತಾ?" ಕರು ಹಾಕಲಿರುವ ಹಸುವನ್ನು ವಿಚಾರಿಸುವ ಹಾಗೆ. ನಾನು ಇಲ್ಲ ಎನ್ನುತ್ತಿದ್ದೆ. ಒಂದು ದಿನ ಹಾಗೆ ಇಲ್ಲ ಎಂದಾಗ ಅವಳು ಕೇಳಿದ್ದು ಇನ್ನೊಂದು ಮಾತು. "ಅಲ್ಲ ಕಣ್ಲಾ, ಅದು ಕೂಗ್ತಾನೇ ಇದ್ದು, ಇವ್ರಿಗೇ ಕೇಳುಸ್ದೆ ಇದ್ರೆ?"

ನಾನು ನಕ್ಕೆ. ಅವರ ಕಿವಿ ಎಂಥದು ಗೊತ್ತಾ, ಒಂದು ಕೆರೆಯ ಅಂಗಳದಷ್ಟು ಅಗಲದ ಆಂಟೆನಾ ತಟ್ಟೆ ಇಟ್ಟುಕೊಂಡು ಆಲಿಸುತ್ತಾರೆ, ಅವರಿಗೆ ಕೇಳಿಸದೆ ಇರುತ್ತದೆಯೇ ಎಂದು ಉಪನ್ಯಾಸ ಕೊಟ್ಟೆ. ಅವ್ವ ನನ್ನ ತುಟಿಯನ್ನೇ ನೋಡುತ್ತಿದ್ದಳು. ಯಾಕೆ ತುಟಿಯನ್ನು ನೋಡುತ್ತಿದ್ದಾಳೆ ಎಂದು ನನ್ನಂಥ ಜಾಣನಿಗೆ ಹೊಳೆಯಲಿಲ್ಲ.

ಅದಾದ ವಾರಕ್ಕೆ ನಮ್ಮ ಮನೆ ಮೇಲಿನ ಪ್ಯಾನೆಲ್ ಯಾಕೋ ಮಂಕಾಯಿತು. ಹತ್ತಿ ನೋಡುತ್ತೇನೆ, ಗಾಜಿನ ಮೇಲೆಲ್ಲ ಸಣ್ಣ ಸಣ್ಣ ಗೀರು, ನಟ್ಟನಡುವೆ ವಿಭೂತಿ ಪಟ್ಟೆ, ಅದರ ಮೇಲೆ ಕುಂಕುಮ. ಬಂಡಿ ಧೂಳು ಕೂತು ಮಲಗಿದ್ದನ್ನು ಕೇಳಿದ ಅವ್ವ, ನಮ್ಮದಕ್ಕೂ ಹಾಗಾಗಬಾರದೆಂದು ಒಲೆಯ ಬೂದಿ ಹಾಕಿ ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿದ್ದಳು. ತೆಂಗಿನ ಸೀಮೆಯವರು ಪಾತ್ರೆಯಿಂದ ಹಿಡಿದು ಎಮ್ಮೆಯ ಮೈವರೆಗೆ ಉಜ್ಜುವುದು ಅದರಲ್ಲೇ. ಈ ಕಾಯಿಲೆ ನನಗೆ ಹೊಸದಲ್ಲ, ನಾನು ರಿಪೇರಿಗೆ ಹೋಗುವ ಅರ್ಧ ಮನೆಗಳಲ್ಲಿ ಗಾಜಿಗೆ ಇದೇ ಗೀರು. ಆದರೆ ನನ್ನ ಮನೆಯಲ್ಲೇ! ಹಿತ್ತಲಲ್ಲಿದ್ದ ಅವ್ವನಿಗೆ ಮಾಳಿಗೆಯ ಮೇಲಿಂದಲೇ ಕೂಗಾಡಿದೆ. ಅವಳು ಬೆನ್ನು ತಿರುಗಿಸಿಕೊಂಡು ಹೂ ಬಿಡಿಸುತ್ತಲೇ ಇದ್ದಳು. ಸೆಡವು ಎಂದುಕೊಂಡೆ. ಇನ್ನೂ ಜೋರಾಗಿ ಬೈದೆ. ಕೆಳಗಿದ್ದ ನನ್ನ ಹೆಂಡತಿ ಕೈ ಸನ್ನೆ ಮಾಡಿ, "ರೀ, ಸಾಕ್ ಬುಡ್ರೀ, ಅತ್ತೆಗೆ ಕೇಳುಸ್ತಿಲ್ಲ ಅನ್ಸುತ್ತೆ" ಎಂದಳು. ಬೈಗುಳ ಕೇಳಿಸಿಕೊಳ್ಳುವ ಮನಸ್ಸಿಲ್ಲ ಎಂಬ ಅರ್ಥದಲ್ಲಿ ನಾನು ಅದನ್ನು ತೆಗೆದುಕೊಂಡೆ.

ಮರುವರ್ಷ ವಿಜ್ಞಾನಿಗಳು ಬಂಡಿಯನ್ನು ಕರೆಯುವುದನ್ನು ನಿಲ್ಲಿಸಿದರು. ಕೊನೆಯ ಸಲ ಕರೆದು, ಕಾದು, ಮುಗಿಯಿತು ಎಂದರು. ಅವ್ವನಿಗೆ ಹೇಳಿದಾಗ ಅವಳು ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದಳು. ಆಮೇಲೆ ಅದರ ಮಾತು ಎತ್ತಲಿಲ್ಲ.

ಅವ್ವನ ಕಿವಿಯ ವಿಷಯ ಬಯಲಾದದ್ದು ಅರಳಗುಪ್ಪೆಯಲ್ಲಿ, ಅದೂ ಅವಳ ಸ್ವಂತ ತಂಗಿಯ ಮನೆಯಲ್ಲಿ. ಚಿಕ್ಕಮ್ಮ ಫೋನು ಮಾಡಿ, ಅಟ್ಟದ ಕಾಯಿ ಇಳಿಸಬೇಕು, ಅಕ್ಕ ಬಂದು ಒಂದು ಮಾತು ಹೇಳಿ ಹೋಗಲಿ ಎಂದಿದ್ದಳು. ನಾನೇ ಅವ್ವನನ್ನು ಗಾಡಿಯಲ್ಲಿ ಕರೆದುಕೊಂಡು ಹೋದೆ. ಅವ್ವ ಹತ್ತಿದಳು, ಅಲುಗಿಸಿದಳು. ಯಾವತ್ತಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಇಳಿದು ಬಂದು "ಆಗೈತೆ, ಸುಲುಸ್ರಿ" ಎಂದಳು.

ಮಾರನೇ ದಿನ ಸುಲಿದು ಒಡೆದರೆ, ಒಂದರ ಹಿಂದೊಂದರಂತೆ ಕಾಯಿಗಳಿಂದ ನೀರು ಸುರಿಯಿತು. ಚಿಕ್ಕಮ್ಮ ಮೊದಲ ಹತ್ತಿಪ್ಪತ್ತಕ್ಕೇ ಕೆಲಸ ನಿಲ್ಲಿಸಿ ಉಳಿದದ್ದನ್ನು ಉಳಿಸಿಕೊಂಡಳು. ಅಕ್ಕನಿಗೆ ಒಂದು ಮಾತು ಆಡಲಿಲ್ಲ. ಒಡೆದ ಕಾಯಿ ತುರಿದು ಕಾಯೊಬ್ಬಟ್ಟು ಮಾಡಿ ನಮ್ಮ ಮನೆಗೂ ಒಂದು ಡಬ್ಬಿ ಕಳಿಸಿದಳು. ಆ ಡಬ್ಬಿ ತೆರೆದು ನೋಡಿದ ಅವ್ವನ ಮುಖವನ್ನು ನಾನು ಮರೆಯಲಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಆವತ್ತು ಅವಳು ಬಾಯಿ ಬಿಟ್ಟಳು. ಮೂರು ವರ್ಷದಿಂದ ಕಿವಿ ಮಂದವಾಗುತ್ತಾ ಬಂದಿತ್ತು. ಯಾರಿಗೂ ಹೇಳದೆ ತುಟಿ ನೋಡಿ, ತೂಕ ನೋಡಿ, ಅಟ್ಟಕ್ಕೆ ಹಾಕಿದ ತಿಂಗಳು ಲೆಕ್ಕ ಹಾಕಿ ನಿಭಾಯಿಸಿಕೊಂಡಿದ್ದಳು.

"ನೀರಿನ ಸದ್ದು ಬರ್ಲಿಲ್ಲ ಕಣ್ಲಾ" ಎಂದಳು. "ಬರ್ಲಿಲ್ವಲ್ಲ, ನೀರಿಲ್ಲ ಅಂದ್ಕೊಂಡೆ."

ನನಗೆ ಥಟ್ಟನೆ ಆ ಸಂಜೆಯ ಪ್ರಶ್ನೆ ನೆನಪಾಯಿತು. ಅದು ಕೂಗುತ್ತಲೇ ಇದ್ದು ಇವರಿಗೇ ಕೇಳಿಸದಿದ್ದರೆ? ಅವ್ವ ಆವತ್ತು ಕೇಳಿದ್ದು ಮಂಗಳನ ವಿಷಯವಲ್ಲ, ತನ್ನ ವಿಷಯ. ನಾನು ತಟ್ಟೆಯ ಅಗಲ ವಿವರಿಸಿಕೊಂಡು ಕೂತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ತಿಪಟೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ವಯಸ್ಸಿನದು, ಹಿಂದಕ್ಕೆ ಬರುವುದಿಲ್ಲ, ಮಿಷನ್ ಹಾಕಿಕೊಳ್ಳಿ ಎಂದರು. ಕಿವಿ ಮಿಷನ್ನಿನಿಂದ ಮಾತೇನೋ ಕೇಳಿಸಿತು. ಆದರೆ ಕಾಯಿ ಅಲುಗಿಸಿದರೆ ಸೀರೆಯ ಸರಸರ, ಹೊರಗಿನ ಟ್ರ್ಯಾಕ್ಟರು, ಹೆಂಡತಿಯ ಮಿಕ್ಸಿ, ಕಾಯಿಯ ಲೊಟ್ಟ, ಎಲ್ಲ ಒಂದೇ ರಾಶಿಯಾಗಿ ಬಂದು ಬೀಳುತ್ತಿತ್ತು. ಅವ್ವ ಅದನ್ನು ಕಳಚಿ ಡಬ್ಬಿಯಲ್ಲಿಟ್ಟು ಗೂಡಿಗೆ ಸೇರಿಸಿದಳು. "ಅಟ್ಟ ಹತ್ತೋ ಕಾಲ ಮುಗೀತು ಬುಡು" ಎಂದಳು. ಕರೆಯಲು ಬಂದವರಿಗೆಲ್ಲ ಮಂಡಿನೋವು ಎಂದು ನನ್ನಿಂದ ಸುಳ್ಳು ಹೇಳಿಸಿದಳು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಆಮೇಲೆ ಅವಳು ಬೇಕಾದ್ದಕ್ಕೆ ಮಾತ್ರ ಮಾತಾಡುವಳು, ಉಳಿದಂತೆ ಗರಿ ಸೀಳುತ್ತಾ ಕೂತಿರುವಳು. ಮನೆಯಲ್ಲಿ ಪೊರಕೆಗಳ ರಾಶಿ ಬಿತ್ತು.

ಮೊನ್ನೆ ಬೇಸಿಗೆಯಲ್ಲಿ ನಮ್ಮದೇ ಅಟ್ಟ ಇಳಿಸುವ ಕಾಲ ಬಂತು. ನಾನೊಂದು ಕಾಯಿ ಅಲುಗಿಸಿ ಆಗಿದೆ ಎಂದೆ. ಹೆಂಡತಿ ಅದನ್ನೇ ಅಲುಗಿಸಿ ಇಲ್ಲ ಎಂದಳು. ಇಬ್ಬರೂ ಅವ್ವನ ಕಡೆ ನೋಡಿದೆವು. ಅವಳು ತಲೆ ಎತ್ತಲಿಲ್ಲ. ಬೇರೆ ಯಾರನ್ನಾದರೂ ಕರೆಸಿ ನೋಡಿಸಬಹುದಿತ್ತು. ಆದರೆ ಅವ್ವ ಕೂತಿರುವ ಪಡಸಾಲೆಯಲ್ಲಿ ಬೇರೆಯವರಿಗೆ ಏಣಿ ಹಾಕಿಕೊಡುವುದೆಂದರೆ ಅವಳ ಕೆಲಸ ಮುಗಿಯಿತೆಂದು ಮನೆಯವರೇ ಡಂಗುರ ಹೊಡೆದಂತೆ. ನನಗೆ ಕೈ ಬರಲಿಲ್ಲ. ಕಾಯಿ ಅಟ್ಟದಲ್ಲೇ ಉಳಿಯಿತು.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದೆ ಫೋನು ನೋಡುತ್ತಿದ್ದೆ. ಮಂಗಳನ ಮೇಲೆ ಈಗ ಇನ್ನೊಂದು ಬಂಡಿ ಇದೆ. ಇದಕ್ಕೆ ಸೋಲಾರ್ ಇಲ್ಲ, ಅಣುವಿನ ಬಿಸಿಯಿಂದ ಕರೆಂಟು, ಹಾಗಾಗಿ ಧೂಳಿಗೆ ಹೆದರುವುದಿಲ್ಲ. ನನ್ನ ಕಸುಬಿನದಲ್ಲ ಎಂದು ಅದರ ಮೇಲೆ ನನಗೆ ಅಷ್ಟು ಪ್ರೀತಿ ಇರಲಿಲ್ಲ. ಆದರೆ ಅದಕ್ಕೊಂದು ಮೈಕು ಕಟ್ಟಿದ್ದಾರೆ ಎಂಬುದು ನನಗೆ ಆವತ್ತೇ ಗೊತ್ತಾದದ್ದು. ಬಂಡಿ ನಿಂತಿದ್ದಾಗ ಒಂದು ಸುಂಟರಗಾಳಿ ನೇರವಾಗಿ ಅದರ ಮೇಲೇ ಹಾದುಹೋಗಿದೆ. ನಮ್ಮ ಐದು ತೆಂಗಿನ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರದ ಗಾಳಿ. ಆಗ ಮೈಕು ತೆರೆದಿತ್ತು. ಆ ಸದ್ದು ಇಲ್ಲಿದೆ, ಕೇಳಿ ಎಂದಿತ್ತು.

ಕೇಳಿದೆ. ಹತ್ತು ಸೆಕೆಂಡಿನಷ್ಟು ಇದ್ದೀತು. ಮೊದಲು ದೂರದಲ್ಲೆಲ್ಲೋ ಗಿರಣಿ ತಿರುಗಿದಂಥ ದಪ್ಪ ಸದ್ದು. ಆಮೇಲೆ ಥಟ್ಟನೆ ಮೌನ. ಅದು ಸುಂಟರಗಾಳಿಯ ಹೊಟ್ಟೆಯಂತೆ, ಅಲ್ಲಿ ಗಾಳಿ ಆಡುವುದಿಲ್ಲವಂತೆ. ಮತ್ತೆ ಆ ದಪ್ಪ ಸದ್ದು. ನಡುನಡುವೆ ಟಿಕ್ ಟಿಕ್ ಎಂದು ಮಂಗಳನ ಧೂಳಿನ ಕಣಗಳು ಬಂಡಿಗೆ ಬಡಿದ ಸದ್ದು.

ನಾನು ಕೂತಲ್ಲೇ ಕೂತೆ. ಹೊರಗೆ ತುಮಕೂರು ಬಸ್ಸು ನಿಂತಿತ್ತು, ಎಳನೀರಿನವನು ಕತ್ತಿ ಆಡಿಸುತ್ತಿದ್ದ, ಕಂಡಕ್ಟರು ಯಾರನ್ನೋ ಬೈಯುತ್ತಿದ್ದ. ಮನುಷ್ಯರು ಹುಟ್ಟುವ ಮೊದಲಿನಿಂದ ಆ ಗಾಳಿ ಅಲ್ಲಿ ಬೀಸುತ್ತಿದೆ, ಅದನ್ನು ಕೇಳುವ ಕಿವಿ ಎಂಬುದೇ ಇರಲಿಲ್ಲ. ಈಗ ಒಂದು ಕಿವಿ ಹೋಗಿ ಕೂತಿದೆ, ಅದು ಕೇಳಿದ್ದು ಕಿಬ್ಬನಹಳ್ಳಿ ಕ್ರಾಸಿಗೆ ಬಂದು ನನ್ನ ಅಂಗೈಯಲ್ಲಿ ಟಿಕ್ ಎನ್ನುತ್ತಿದೆ. ಆ ಒಂದು ಕಣ ಬಡಿದದ್ದು ನನಗೆ ಕೇಳಿಸಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಹತ್ತು ಸಲ ಕೇಳಿದೆ. ಹನ್ನೊಂದನೆಯ ಸಲ ಕೇಳುವಾಗ ಇದನ್ನು ಅವ್ವನಿಗೆ ಕೇಳಿಸಬೇಕು ಎನ್ನಿಸಿತು, ಕೂಡಲೇ ಅದು ಹೇಗೆ ಸಾಧ್ಯ ಎಂದೂ ಎನ್ನಿಸಿತು.

ಅಂಗಡಿಯಲ್ಲಿ ಹಾಡು ಹಾಕಲು ಒಂದು ದುಂಡನೆಯ ಸ್ಪೀಕರ್ ಇಟ್ಟುಕೊಂಡಿದ್ದೇನೆ. ಸಣ್ಣ ಕಾಯಿಯಷ್ಟೇ ಗಾತ್ರ. ಜೋರಾಗಿ ಹಾಡಿದರೆ ಕೈಯಲ್ಲಿ ಗುಂಯ್ ಎಂದು ನಡುಗುತ್ತದೆ. ಅದನ್ನು ಚೀಲಕ್ಕೆ ತುರುಕಿಕೊಂಡು ಬಾಗಿಲೆಳೆದು ಮನೆಗೆ ಹೊರಟೆ. ದಾರಿಯಲ್ಲಿ ಉತ್ತಿಟ್ಟ ಹೊಲದಲ್ಲಿ ಒಂದು ಸುಂಟರಗಾಳಿ ಕೆಂಪಗೆ ಎದ್ದು ನಿಂತಿತ್ತು. ನಾನು ಉಗಿಯಲಿಲ್ಲ.

ಅವ್ವ ಪಡಸಾಲೆಯಲ್ಲೇ ಇದ್ದಳು. ಎದುರಿಗೆ ಕೂತು ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. "ಮಂಗಳನ ಮೇಲಿನ ಸುಂಟರಗಾಳಿ ಕಣವ್ವ. ಹೊಸ ಬಂಡಿ ಕೇಳಿಸ್ಕಂಡು ಕಳ್ಸೈತೆ."

"ನಂಗೆಲ್ಲಿ ಕೇಳುಸ್ತದ್ಲಾ?" ಎಂದು ಮುಖ ತಿರುಗಿಸಿದಳು.

ಸ್ಪೀಕರನ್ನು ಅವಳ ಕೈಯಲ್ಲಿಟ್ಟೆ. ಪೂರ್ತಿ ಜೋರು ಮಾಡಿ ಹಚ್ಚಿದೆ. ಅವ್ವ ಬೆಚ್ಚಿ ಅಂಗೈಯನ್ನು ನೋಡಿಕೊಂಡಳು. ಮುಗಿಯಿತು. "ಇನ್ನೊಂದ್ಸಲ" ಎಂದಳು. ಈ ಸಲ ಕಿವಿಗೆ ಹಿಡಿದಳು. ತಲೆ ಅಲ್ಲಾಡಿಸಿದಳು, ಇಲ್ಲ. ಸ್ಪೀಕರನ್ನು ಕೆಳಗಿಳಿಸಿಕೊಂಡಳು, ದವಡೆಯ ಮೂಳೆಗೆ ಒತ್ತಿಕೊಂಡಳು, ಕಿವಿಯ ಹಿಂದಿನ ಗಂಟಿಗೆ ಒತ್ತಿಕೊಂಡಳು. ಕಣ್ಣು ಮುಚ್ಚಿದಳು. ನಾನು ಮತ್ತೆ ಮತ್ತೆ ಹಚ್ಚಿದೆ. ಒಳಗಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ನಡುವೆ ಒಮ್ಮೆ ಸದ್ದು ಮುಗಿದಾಗ ಅವ್ವ ಕಣ್ಣು ಮುಚ್ಚಿಕೊಂಡೇ, ಹಳೆಯ ಅಭ್ಯಾಸ, ಸ್ಪೀಕರನ್ನು ಮೂರು ಸಲ ಅಲುಗಿಸಿ ನೋಡಿದಳು. ಹೆಂಡತಿಗೆ ನಗು ಬಂತು. ನನಗೆ ಬರಲಿಲ್ಲ.

ಕೊನೆಗೆ ಅವ್ವ ಕಣ್ಣು ತೆರೆದಳು.

"ನೀರಿಲ್ಲ ಕಣ್ಲಾ ಇದ್ರಾಗೆ" ಎಂದಳು.

"ಏನಂದೆ?"

"ಆ ಊರ್ನಾಗೆ ನೀರಿಲ್ಲ. ಇತ್ತೋ ಏನೋ, ಬತ್ತಿ ಭಾಳ ಕಾಲ ಆಗೈತೆ. ಕಣ ಬಡಿಯೋದು ನೋಡು, ಮೂಳೆಗೆ ಟಕ್ ಟಕ್ ಅಂತೈತೆ. ವಸಿ ಪಸೆ ಇದ್ದಿದ್ರೂ ಹಿಂಗೆ ಬಡಿಯಾಕಿಲ್ಲ. ಪೂರ್ತಿ ಆಗೋಗಿರೋ ಕಾಯಿ."

ನಾನು ಅವಳಿಗೆ ಹೇಳಿರಲಿಲ್ಲ. ಆ ಬಂಡಿ ಇಳಿದಿರುವುದೇ ಒಂದು ಬತ್ತಿದ ಕೆರೆಯಲ್ಲಿ. ಯಾವುದೋ ಕಾಲದಲ್ಲಿ ಅಲ್ಲಿ ಹೊಳೆ ಬಂದು ಸೇರುತ್ತಿತ್ತು, ಕೆರೆ ತುಂಬಿತ್ತು. ಎಲ್ಲ ಇಂಗಿ ಹೋಗಿ ಎಣಿಸಲಾರದಷ್ಟು ಕಾಲವಾಗಿದೆ. ನೀರಿದ್ದಾಗ ಅಲ್ಲಿ ಏನಾದರೂ ಬದುಕಿತ್ತೇ ಎಂದು ತಿಳಿಯಲು ಅಷ್ಟೊಂದು ಜನ, ಅಷ್ಟೊಂದು ವರ್ಷ, ಅಂಥ ಬಂಡಿ. ನಮ್ಮವ್ವ ಗರಿಯ ರಾಶಿಯ ನಡುವೆ ಕೂತು, ದವಡೆಗೆ ಒತ್ತಿಕೊಂಡು, ಅದರ ಕಾಲು ಭಾಗವನ್ನು ಹೇಳಿಬಿಟ್ಟಿದ್ದಳು. ನಾನು ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹಬ್ಬವಲ್ಲ ಹುಣ್ಣಿಮೆಯಲ್ಲ, ಇವನಿಗೇನಾಯಿತು ಎಂಬಂತೆ ಅವಳು ನೋಡಿದಳು.

ಆಮೇಲೆ ಸ್ಪೀಕರನ್ನು ನನ್ನ ಕೈಗಿಟ್ಟು, ಮಡಿಲಿನ ಗರಿ ಕೊಡವಿ ಎದ್ದಳು.

"ಏಣಿ ಹಾಕು" ಎಂದಳು.

ಹಾಕಿದೆ. ಮಂಡಿನೋವು ಎಂದು ನನ್ನಿಂದ ಊರಿಗೆಲ್ಲ ಹೇಳಿಸಿದ್ದವಳು ಸರಸರ ಹತ್ತಿದಳು. ನಾನು ಏಣಿ ಹಿಡಿದುಕೊಂಡು ಕತ್ತೆತ್ತಿ ನಿಂತೆ. ಮೇಲೆ ಅರೆಗತ್ತಲಲ್ಲಿ ಅವಳು ಒಂದು ಕಾಯಿ ಎತ್ತಿ, ಕಿವಿಯ ಗೊಡವೆಗೇ ಹೋಗದೆ, ದವಡೆಯ ಮೂಳೆಗೆ ಒತ್ತಿಕೊಂಡು ಅಲುಗಿಸುವುದು ಕಾಣುತ್ತಿತ್ತು. ಬಹಳ ಹೊತ್ತು. ಇನ್ನೊಂದು. ಮತ್ತೊಂದು. ನನಗೆ ಅರಳಗುಪ್ಪೆಯ ಒಬ್ಬಟ್ಟಿನ ಡಬ್ಬಿ ನೆನಪಾಯಿತು. ಈ ಸಲವೂ ತಪ್ಪಿದರೆ ಅವ್ವ ಮತ್ತೆ ಹತ್ತುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮೂರು ಕಾಯಿ ಕೆಳಗೆ ಕೊಟ್ಟಳು. "ಇದು ಆಗೈತೆ. ಇದು ಇಲ್ಲ. ಇದು ಇವತ್ತೋ ನಾಳೆಯೋ ಅನ್ನಂಗೈತೆ. ಒಡಿ."

"ಇಲ್ಲ ಅಂದದ್ದನ್ನೂ ಒಡೀಲೇನವ್ವ?"

"ಒಡಿ ಅಂದ್ನಲ್ಲ."

ಅಂಗಳದಲ್ಲಿ ಮಟ್ಟೆ ಸುಲಿದು ಮೂರನ್ನೂ ಒಡೆದೆ. ಮೊದಲನೆಯದರಲ್ಲಿ ಕರಟ ಸೀಳುತ್ತಲೇ ಉಂಡೆ ಕೊಬ್ಬರಿ ತಾನಾಗಿ ಉರುಳಿ ಅಂಗೈಗೆ ಬಂತು. ಎರಡನೆಯದರಲ್ಲಿ ಒಂದು ಗುಟುಕು ನೀರು. ಮೂರನೆಯದರಲ್ಲಿ ನೀರಿಲ್ಲ, ತಿರುಳು ಮಾತ್ರ ಒಂದು ಕಡೆ ಕರಟವನ್ನು ಇನ್ನೂ ಕಚ್ಚಿಕೊಂಡಿತ್ತು. ಹೆಂಡತಿ ಮೂರನ್ನೂ ತಟ್ಟೆಯಲ್ಲಿಟ್ಟುಕೊಂಡು ಏಣಿಯ ಬುಡಕ್ಕೆ ಓಡಿ, ಮೇಲಕ್ಕೆ ಎತ್ತಿ ಹಿಡಿದು ತೋರಿಸಿದಳು.

ಅವ್ವ ಬಗ್ಗಿ ನೋಡಿದಳು. ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು, ಸೆರಗಿನಿಂದ ಮುಖ ಒರೆಸಿಕೊಂಡಳು. ತಲೆಯ ಮೇಲೆ, ಹುಬ್ಬಿನ ಮೇಲೆಲ್ಲ ಒಂದು ವರ್ಷದ ಅಟ್ಟದ ಧೂಳು ಕೂತಿತ್ತು.

"ಲೋ, ಆ ಮೊದ್ಲುನೇ ಬಂಡಿ" ಎಂದಳು, ಎಷ್ಟೋ ವರ್ಷಗಳ ಮೇಲೆ ಅದರ ಮಾತು ಎತ್ತಿ. "ಅದುನ್ನ ಕರಿಯೋದು ಪೂರ್ತಿ ಬುಟ್ಟೇಬುಟ್ರಾ?"

"ಬಿಟ್ರು ಕಣವ್ವ. ಎಷ್ಟೋ ತಿಂಗ್ಳು ಕಿವಿ ಕೊಟ್ಟು ಕೂತಿದ್ರು, ಉತ್ತರ ಬರ್ಲಿಲ್ಲ."

ಅವ್ವ ಪಕ್ಕದಲ್ಲಿದ್ದ ಇನ್ನೊಂದು ಕಾಯಿ ಎತ್ತಿ ದವಡೆಗೆ ಒತ್ತಿಕೊಂಡಳು.

"ಕಿವಿ ಒಂದೇ ಕೊಟ್ಟಿರ್ಬೇಕು" ಎಂದಳು. "ಮೂಳೆ ಕೊಟ್ಟು ಕೇಳ್ಬೇಕಿತ್ತು."